ಗುಮಾಸ್ತ ನಿಲ್ಲದ ದಿನಗಳು

ನನ್ನ ಕೆಲಸ ನೀರು ಎತ್ತುವುದು. ಹೊನ್ನಗುಡ್ಡದ ಚಿನ್ನದ ಗಣಿ ಮುಚ್ಚಿಹೋಗಿ ಬಹಳ ವರ್ಷಗಳಾದವು. ಚಿನ್ನ ಮುಗಿಯಿತು, ನೀರು ಮಾತ್ರ ಮುಗಿಯಲಿಲ್ಲ. ಬಂಡೆಯ ಸಂದುಗಳಿಂದ ಅದು ಹಗಲಿರುಳು ಜಿನುಗುತ್ತಲೇ ಇರುತ್ತದೆ. ಪಂಪುಗಳನ್ನು ನಿಲ್ಲಿಸಿದರೆ ತಳದ ಸುರಂಗಗಳು ವಾರದೊಳಗೆ ಮುಳುಗುತ್ತವೆ. ಆಮೇಲೆ ಅವನ್ನು ಒಣಗಿಸುವುದು ಯಾರ ಕೈಯಿಂದಲೂ ಆಗದ ಮಾತು. ಹಾಗಾಗಿ ಪಂಪುಗಳು ಓಡುತ್ತಿರಬೇಕು, ಅವುಗಳ ಹಿಂದೆ ನಾನು ಓಡುತ್ತಿರಬೇಕು. ಬರಿದಾದ ಗಣಿಯಿಂದ ನೀರು ಎತ್ತಲು ಸರ್ಕಾರ ಸಂಬಳ ಕೊಡುತ್ತದೆ ಎಂದರೆ ಸಂತೆಯಲ್ಲಿ ಜನ ಈಗಲೂ ನಗುತ್ತಾರೆ. ನಗಲಿ ಬಿಡಿ. ಗಣಿಯ ತಳದಲ್ಲಿ ಏನಿದೆ ಎಂಬುದು ಪತ್ರಿಕೆಗಳಲ್ಲಿ ಬಂದ ಮೇಲೂ ಅವರಿಗೆ ನಂಬಿಕೆ ಬಂದಿಲ್ಲ. ನನಗೇ ನಂಬಿಕೆ ಬರಲು ಎಷ್ಟೋ ದಿನ ಬೇಕಾಯಿತು.

ತಳದಲ್ಲಿ ಒಂದು ಜೀವವಿದೆ. ಒಂದು ಎನ್ನಬೇಕೋ ಕೋಟಿ ಎನ್ನಬೇಕೋ ತಿಳಿಯದು. ಕಣ್ಣಿಗೆ ಕಾಣದ ಸೂಕ್ಷ್ಮಾಣುಗಳು ಬಂಡೆಯ ಬಿರುಕುಗಳಲ್ಲಿ, ಬಿಸಿಲು ಎಂದೂ ಮುಟ್ಟದ ನೀರಿನಲ್ಲಿ ಬದುಕಿವೆ. ಅವು ಒಂದು ಎರಡಾಗಲು ಸಾವಿರ ವರ್ಷ ತೆಗೆದುಕೊಳ್ಳುತ್ತವಂತೆ. ನಮ್ಮ ಹಳಬರು ಚಿನ್ನವೆಂದು ಮೋಸಹೋಗಿ ಆಮೇಲೆ ಬೈದು ಎಸೆಯುತ್ತಿದ್ದ ಹಳದಿ ಅದಿರು ಇದೆಯಲ್ಲ, ಹುಸಿಚಿನ್ನ, ಅದರ ಎಳೆಗಳೇ ಅವುಗಳಿಗೆ ತಂತಿ. ಆ ಎಳೆಗಳ ಮೂಲಕ ಒಂದು ಬಿರುಕಿನಿಂದ ಇನ್ನೊಂದಕ್ಕೆ ಸಣ್ಣ ವಿದ್ಯುತ್ ಮಿಡಿತ ಹೋಗುತ್ತದೆ, ಅಲ್ಲಿಂದ ಮತ್ತೊಂದಕ್ಕೆ. ಹೀಗೆ ಜಿಲ್ಲೆಯ ಅರ್ಧ ನೆಲದಡಿಯಲ್ಲಿ ಹಬ್ಬಿದ ಅಷ್ಟೂ ಜೀವ ಒಂದಕ್ಕೊಂದು ಹೆಣೆದುಕೊಂಡಿದೆ. ನಾವು ಬಿತ್ತುವುದು, ಬಾವಿ ತೋಡುವುದು, ಮನೆ ಕಟ್ಟುವುದು ಎಲ್ಲವೂ ಅದರ ನೆತ್ತಿಯ ಮೇಲೆ.

ಇದನ್ನು ಮೊದಲು ಕೇಳಿಸಿಕೊಂಡವರು ಡಾಕ್ಟರ್ ಖತೀಬ್. ವಿಜಯಪುರದ ಕಡೆಯವರು, ತೆಳ್ಳಗಿನ ಮನುಷ್ಯ, ಏನನ್ನೂ ಎಸೆಯುವವರಲ್ಲ. ಹರಿದ ಚಪ್ಪಲಿಯ ಉಂಗುಷ್ಠ ಕೂಡ ಅವರ ಮೇಜಿನ ಖಾನೆಯಲ್ಲಿರುತ್ತದೆ. ಅವರು ಗಣಿಯ ತಳದ ಬಂಡೆಗೆ ರಂಧ್ರ ಕೊರೆಸಿ ಲೋಹದ ಕಂಬಿಗಳನ್ನು ಇಳಿಸಿದರು. ಕಂಬಿಗಳಲ್ಲಿ ತೀರಾ ಸಣ್ಣ ವಿದ್ಯುತ್ತು ಸದಾ ಹರಿಯುತ್ತಿರುತ್ತದೆ. ಬಂಡೆಯೊಳಗೆ ಮಿಡಿತ ಎದ್ದಾಗ ಅದು ಅಲುಗುತ್ತದೆ. ಒಂದೊಂದು ಅಲುಗಾಟವನ್ನೂ ಒಂದೊಂದು ಸಾಲಾಗಿ ಬರೆದಿಡುವ ಪ್ರೋಗ್ರಾಮ್ ಒಂದಿದೆ. ಅದಕ್ಕೆ ನಾವೆಲ್ಲ ಗುಮಾಸ್ತ ಎಂದು ಹೆಸರಿಟ್ಟಿದ್ದೆವು.

ಮಿಡಿತಗಳನ್ನು ಸದ್ದಾಗಿ ಕೇಳಿಸುವ ಸ್ಪೀಕರ್ ಒಂದನ್ನು ತಳದ ಕಂಟ್ರೋಲ್ ರೂಮಿನಲ್ಲಿ ಇಟ್ಟಿದ್ದರು. ನಾನು ಮೊದಲ ಸಲ ಅದನ್ನು ಕೇಳಿದಾಗ ತಗಡಿನ ಮೇಲೆ ಜಡಿಮಳೆ ಬೀಳುವಂತಿದೆ ಎಂದುಕೊಂಡೆ. ಸ್ವಲ್ಪ ಹೊತ್ತು ಕೂತ ಮೇಲೆ ಜಡಿಯಲ್ಲ ಎಂದು ತಿಳಿಯಿತು. ಜಡಿಗೆ ನಿಲುಗಡೆ ಇರುವುದಿಲ್ಲ. ಇದರಲ್ಲಿ ನಿಲುಗಡೆ ಇತ್ತು, ತಿರುವು ಇತ್ತು, ಒಂದು ಕಡೆ ಬಂದ ವರಸೆ ಎಷ್ಟೋ ದಿನಗಳ ಮೇಲೆ ಸ್ವಲ್ಪ ಬೇರೆಯಾಗಿ ಮತ್ತೆ ಬರುತ್ತಿತ್ತು. ಅರ್ಥ ಮಾತ್ರ ಯಾರಿಗೂ ಆಗಿರಲಿಲ್ಲ. ಆದರೆ ಯಾರೋ ಏನೋ ಹೇಳುತ್ತಿದ್ದಾರೆ ಎಂಬುದರಲ್ಲಿ ಅನುಮಾನವಿರಲಿಲ್ಲ. ಮನುಷ್ಯ ಹುಟ್ಟುವ ಮೊದಲಿನಿಂದ ಕತ್ತಲಲ್ಲಿದ್ದ ಒಂದು ಜೀವ, ಮೀನು ಹುಟ್ಟುವ ಮೊದಲಿನಿಂದ, ಹುಲ್ಲು ಹುಟ್ಟುವ ಮೊದಲಿನಿಂದ. ಅದು ಮಾತಾಡುತ್ತಿದೆ, ನಾನು ಪಂಪಿನ ಗ್ರೀಸು ಮೆತ್ತಿದ ಕೈಯಲ್ಲಿ ಚಹಾ ಕಪ್ಪು ಹಿಡಿದು ಕೇಳುತ್ತಿದ್ದೇನೆ.

ಗುಮಾಸ್ತನ ಉಸ್ತುವಾರಿ ನನ್ನ ಹೆಂಡತಿ ನೀಲಾಂಬಿಕೆಯದು. ಅವಳು ಕಂಪ್ಯೂಟರ್ ಓದಿದವಳು, ನಾನು ಮೆಕ್ಯಾನಿಕಲ್ ಡಿಪ್ಲೊಮಾ. ಜಾಲರಿ ಲಿಫ್ಟಿನಂಥ ಒಂದೇ ಕೇಜಿನಲ್ಲಿ ಇಬ್ಬರೂ ಗಣಿಗೆ ಇಳಿಯುತ್ತಿದ್ದೆವು. ತಳದಲ್ಲಿ ಅವಳು ಎಡಕ್ಕೆ, ನಾನು ಬಲಕ್ಕೆ. ಮನೆಯ ಜಗಳಗಳಲ್ಲಿ ಅರ್ಧದಷ್ಟು ಆ ಕೇಜಿನಲ್ಲೇ ಮುಗಿದಿವೆ.

ಎಂಟು ವರ್ಷ ಒಂದು ವಿಷಯ ಅವಳಿಗೆ ಉಗುರಿನ ಸಂದಿಗೆ ಹೊಕ್ಕ ಮುಳ್ಳಿನಂತೆ ಚುಚ್ಚುತ್ತಿತ್ತು. ಗುಮಾಸ್ತ ಬರೆಯುವ ಫೈಲು ದಿನಕ್ಕೊಮ್ಮೆ ತುಂಬುತ್ತದೆ. ತುಂಬಿದ್ದನ್ನು ತೆಗೆದಿಟ್ಟು ಹೊಸದು ಕೊಡಬೇಕು. ಹಳೆಯ ಕ್ರಮ ಹೀಗಿತ್ತು: ಗುಮಾಸ್ತನನ್ನು ನಿಲ್ಲಿಸುವುದು, ಹಳೆ ಫೈಲಿಗೆ ತಾರೀಖು ಹಾಕಿ ಪಕ್ಕಕ್ಕಿಡುವುದು, ಮತ್ತೆ ಗುಮಾಸ್ತನನ್ನು ಎಬ್ಬಿಸುವುದು. ಅವನು ನಿಂತಾಗ ಕಂಬಿಗಳ ವಿದ್ಯುತ್ತೂ ನಿಲ್ಲುತ್ತಿತ್ತು, ಏಕೆಂದರೆ ಎರಡನ್ನೂ ಒಂದೇ ಪ್ರೋಗ್ರಾಮು ನೋಡಿಕೊಳ್ಳುತ್ತಿತ್ತು. ಹೆಚ್ಚೆಂದರೆ ಎರಡು ಉಸಿರಿನಷ್ಟು ಹೊತ್ತು. ಆದರೆ ಆ ಎರಡು ಉಸಿರಿನಲ್ಲಿ ಬಂಡೆ ಹೇಳಿದ್ದು ನಮಗೆ ಸಿಗದೆ ಹೋಗುತ್ತದೆ. ದಿನಾ ಹೋಗುತ್ತದೆ. ನೀಲಾ ಚಪಾತಿ ಲಟ್ಟಿಸುತ್ತಾ ಕೂಡ ಇದನ್ನೇ ಹೇಳುತ್ತಿದ್ದಳು. ಇಡೀ ಲೋಕದಲ್ಲಿ ಅಷ್ಟು ಹಳೆಯದಾಗಿ ಮಾತಾಡುವುದು ಇದೊಂದೇ, ಅದರ ಮಾತಿನ ನಡುವೆ ನಾವು ದಿನಾ ಕಿವಿ ಮುಚ್ಚಿಕೊಳ್ಳುತ್ತೇವೆ ಎಂದರೆ ಅವಳಿಗೆ ಸಂಕಟವಾಗುತ್ತಿತ್ತು. ನಮ್ಮ ಮಗಳು ಮುಕ್ತಾ ತೊದಲು ಮಾತಾಡುವಾಗ ಅವಳ ಒಂದೊಂದು ಶಬ್ದವನ್ನೂ ಫೋನಿನಲ್ಲಿ ಹಿಡಿದಿಟ್ಟವಳು ನೀಲಾ. ಅವಳ ಸ್ವಭಾವವೇ ಹಾಗೆ.

ಕಡೆಗೂ ಉಪಾಯ ಕಂಡುಹಿಡಿದಳು. ಅದನ್ನು ನನಗೆ ವಿವರಿಸಿದ್ದು ಕೇಜಿನಲ್ಲಿ. ಮನೆಯ ಬಾಗಿಲ ಮೇಲಿನ ನಂಬರನ್ನು ಯಾರಾದರೂ ಬದಲಿಸಿದರೆ ಒಳಗೆ ಕೂತು ಬರೆಯುತ್ತಿರುವವನಿಗೆ ಗೊತ್ತಾಗುತ್ತದೆಯೇ? ಇಲ್ಲ. ಹಾಗೆಯೇ ಗುಮಾಸ್ತ ಬರೆಯುತ್ತಿರುವಾಗಲೇ ಫೈಲಿನ ಹೆಸರು ಬದಲಿಸಬಹುದು. ಅವನು ಕೈಯಲ್ಲಿ ಹಿಡಿದದ್ದು ಹಾಳೆಯನ್ನು, ಹೆಸರನ್ನಲ್ಲ, ಅದರಲ್ಲೇ ಬರೆಯುತ್ತಿರುತ್ತಾನೆ. ಆಮೇಲೆ ಹೊಸ ಫೈಲನ್ನು ಪಕ್ಕದಲ್ಲಿಟ್ಟು ಹೆಗಲು ತಟ್ಟಿದರೆ, ಕೈಯಲ್ಲಿದ್ದ ಸಾಲು ಮುಗಿಸಿ ಹೊಸದಕ್ಕೆ ಹೊರಳುತ್ತಾನೆ. ಅಷ್ಟರಲ್ಲಿ ಬಂದ ಸಂದೇಶಗಳು ಹೊರಗೆ ಸರತಿಯಲ್ಲಿ ನಿಂತಿರುತ್ತವೆ, ಒಂದೂ ಕಳೆಯುವುದಿಲ್ಲ. ಗುಮಾಸ್ತ ನಿಲ್ಲುವುದಿಲ್ಲ, ಕಂಬಿಗಳ ವಿದ್ಯುತ್ತೂ ನಿಲ್ಲುವುದಿಲ್ಲ.

ಇದನ್ನು ಜಾರಿಗೆ ತಂದ ದಿನ ಖತೀಬ್ ಸರ್ ಎಲ್ಲರಿಗೂ ಪೇಡೆ ಹಂಚಿದರು. ನೀಲಾ ನನಗೆ ಹೇಳಿದ್ದು ಒಂದೇ ಮಾತು: "ಇನ್ನ ಒಂದ ಮಾತೂ ಕಳ್ಕೊಳ್ಳಂಗಿಲ್ಲ ನಾವು." ಅವಳ ಮುಖದಲ್ಲಿ ಅಂಥ ನೆಮ್ಮದಿಯನ್ನು ನಾನು ಮುಕ್ತಾ ಹುಟ್ಟಿದ ದಿನ ಬಿಟ್ಟರೆ ಅವತ್ತೇ ನೋಡಿದ್ದು.

ಹದಿನೈದು ದಿನದೊಳಗೆ ಬಂಡೆ ಮಾತು ನಿಲ್ಲಿಸಿತು.

ಮೊದಲು ಯಾರಿಗೂ ಗಾಬರಿಯಾಗಲಿಲ್ಲ. ಸ್ಪೀಕರಿನ ಸದ್ದು ತೆಳುವಾಗುತ್ತಾ ಬಂತು, ಒಂದು ಬೆಳಿಗ್ಗೆ ಪೂರ್ತಿ ನಿಂತಿತು. ಕಂಬಿ ತುಕ್ಕು ಹಿಡಿದಿರಬಹುದು ಎಂದು ಬದಲಿಸಿದರು. ತಂತಿಗಳನ್ನು ಒಂದೊಂದಾಗಿ ತಡಕಿದರು. ನನ್ನ ಪಂಪುಗಳ ಅದುರು ಕಾರಣವೇನೋ ಎಂದು ನನ್ನನ್ನೂ ಬಿಡಲಿಲ್ಲ. ಗುಮಾಸ್ತ ಸರಿಯಾಗಿಯೇ ಇದ್ದ. ಬಂಡೆಯ ಶಾಖ, ನೀರಿನ ಒತ್ತಡ, ಪಂಪಿನ ಅದುರು ಎಲ್ಲವನ್ನೂ ಬರೆಯುವವನೂ ಅವನೇ ಆದ್ದರಿಂದ ಫೈಲುಗಳು ಎಂದಿನಂತೆ ತುಂಬುತ್ತಿದ್ದವು. ಮಿಡಿತ ಮಾತ್ರ ಇರಲಿಲ್ಲ.

ತಿಂಗಳು ಕಳೆಯಿತು. ಆ ಜೀವ ಸತ್ತಿರಬಹುದು ಎಂದು ದೂರದ ಒಬ್ಬ ವಿಜ್ಞಾನಿ ಬರೆದರು. ನಾವು ಕೊರೆದ ರಂಧ್ರಗಳಿಂದ ಗಾಳಿ ಹೋಗಿ ಕೊಂದಿರಬಹುದು ಎಂದು ಇನ್ನೊಬ್ಬರು ಬರೆದರು. ಖತೀಬ್ ಸರ್ ಆ ದಿನದಿಂದ ಊಟ ಮಾಡಿದರೋ ಇಲ್ಲವೋ ಗೊತ್ತಿಲ್ಲ, ಅವರ ಡಬ್ಬಿ ಹಾಗೆಯೇ ಮೇಲಕ್ಕೆ ಹೋಗುತ್ತಿತ್ತು. ಖರ್ಚು ನೋಡಿಕೊಳ್ಳುವ ಮಂಡಳಿಗೆ ಕಾಯುವ ವ್ಯವಧಾನ ಇರಲಿಲ್ಲ. ಆದೇಶ ಬಂದದ್ದು ನನ್ನ ಹೆಸರಿಗೆ: ಬರುವ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಪಂಪುಗಳನ್ನು ನಿಲ್ಲಿಸಿ ಗಣಿಯನ್ನು ನೀರಿಗೆ ಬಿಡತಕ್ಕದ್ದು.

ಅದನ್ನು ಮನೆಗೆ ತಂದು ನೀಲಾಳ ಮುಂದೆ ಇಟ್ಟೆ. ಅವಳು ಓದಿ ಮಡಚಿ ಇಟ್ಟಳು. ಅವಳ ಎಂಟು ವರ್ಷದ ಕೆಲಸವನ್ನು ಮುಳುಗಿಸಬೇಕಾದದ್ದು ನನ್ನ ಕೈ. ಮುಳುಗುವುದು ಅವಳ ಕೆಲಸವೊಂದೇ ಆಗಿದ್ದರೆ ಇಬ್ಬರೂ ಹೇಗೋ ಸಹಿಸಿಕೊಳ್ಳುತ್ತಿದ್ದೆವು. ಕೆಳಗಿರುವುದು ಸತ್ತಿಲ್ಲದೆ ಇದ್ದರೆ? ಅದರ ಮಾತು ಕೇಳಲು ಮನುಷ್ಯರಿಗೆ ಇದ್ದ ಒಂದೇ ಬಾಗಿಲು ಅದು. ನಾನು ರಾಜೀನಾಮೆ ಕೊಡುತ್ತೇನೆ ಎಂದರೆ, ಇನ್ನೊಬ್ಬರು ಬಂದು ನಿಲ್ಲಿಸುತ್ತಾರೆ, ಸುಮ್ಮನಿರಿ ಎಂದಳು. ಆಮೇಲೆ ಅಡುಗೆಮನೆಗೆ ಹೋಗಿ ನೀರಿನ ಕೊಡದ ಮುಂದೆ ಸುಮ್ಮನೆ ನಿಂತಳು. ತಾನು ಮಾಡಿದ ಬದಲಾವಣೆಯಿಂದಲೇ ಇದಾಯಿತು ಎಂಬುದು ಅವಳಿಗೆ ಒಳಗೊಳಗೇ ಗೊತ್ತಿತ್ತು. ಹೇಗೆ ಎಂಬುದು ಗೊತ್ತಿರಲಿಲ್ಲ. ಹಳೆಯ ಕ್ರಮಕ್ಕೇ ಮರಳಿ ಗುಮಾಸ್ತನನ್ನು ನಿಲ್ಲಿಸಿ ಎಬ್ಬಿಸಿಯೂ ನೋಡಿದ್ದಳು, ಪ್ರಯೋಜನವಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ ನನ್ನ ಅವ್ವ ಅಂಗಳದಲ್ಲಿ ಮುಕ್ತಾಳ ತಲೆ ಬಾಚುತ್ತಾ ಕೂತಿದ್ದಳು. ಬಿಸಿಲಿಗೆ ಎಣ್ಣೆ ಕರಗಿ ನೀರಾಗಿತ್ತು, ಕೂದಲು ಸಿಕ್ಕುಗಟ್ಟಿತ್ತು, ಮಗು ಅಳದಿರಲಿ ಎಂದು ಕಥೆ ನಡೆದಿತ್ತು. ಮಜ್ಜಿಗೆ ಮಾರುವ ಮುದುಕಿಯೊಬ್ಬಳು ಪಕ್ಕದೂರಿಗೆ ಹೊರಟಿದ್ದಾಳೆ, ದಾರಿಯಲ್ಲಿ ಕರಡಿ ಅಡ್ಡ ನಿಂತಿದೆ. ನೀಲಾ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತಿದ್ದಳು, ಸುಲಿದದ್ದನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಬಟ್ಟಲಿಗೂ ಹಾಕುತ್ತಿದ್ದಳು. ನಾನು ಅದನ್ನು ನೋಡಿಯೂ ನೋಡದವನಂತೆ ಇದ್ದೆ.

ಅವ್ವ ಕಥೆ ನಿಲ್ಲಿಸಿದಳು. ಮುಕ್ತಾ ಕಾದು ನೋಡಿ, ಮುಂದೇನಾಯಿತು ಎಂದು ಕೇಳಿದಳು. ಅವ್ವ ಬಾಚಣಿಗೆಯಿಂದ ಅವಳ ನೆತ್ತಿಗೆ ಮೆಲ್ಲಗೆ ತಟ್ಟಿದಳು.

"ಹೂಂ ಅನ್ನಾಕ ಏನಾಗೇತಿ ನಿನಗ? ಆಗಿನಿಂದ ಒಂದ ಹೂಂ ಇಲ್ಲ."

"ನಾ ಕೇಳಾಕತ್ತೀನಿ ಅಜ್ಜಿ."

"ನೀ ಕೇಳಾಕತ್ತಿದ್ದು ನನಗ ಹ್ಯಾಂಗ ಗೊತ್ತಾಗಬೇಕು? ಹೂಂ ಅಂದ್ರ ಮನಷ್ಯಾರು ಅದಾರ ಅಂತ. ಇಲ್ಲಾಂದ್ರ ಗ್ವಾಡಿ ಮುಂದ ಕುಂತು ಹೇಳಿದಂಗ."

ಅವ್ವನಿಗೆ ನಿಜವಾಗಿಯೂ ಸ್ವಲ್ಪ ಮುನಿಸು ಬಂದಿತ್ತು. ಮುಕ್ತಾ ಒಂದು ಸಲ ಹೂಂ ಎಂದಳು. ಅವ್ವ ಬಾಯಿ ಬಿಡಲಿಲ್ಲ. ಎರಡು ಸಲ ಎಂದಳು. ಆಗಲೂ ಇಲ್ಲ. ಕಡೆಗೆ ಮುಕ್ತಾ ಅವಳ ಮೊಣಕಾಲು ಹಿಡಿದು, ಕರಡಿ ದಾರಿಗೆ ಅಡ್ಡ ನಿಂತಿತ್ತು ಅಂದಿಯಲ್ಲ, ಅಲ್ಲಿಂದ ಮುಂದೆ ಹೇಳು ಎಂದು ರಮಿಸಿದಳು. ಅವ್ವ ಕರಗಿದಳು. ಕರಡಿ ದಾರಿಗೆ ಅಡ್ಡ ನಿಂತಿತ್ತು ಎಂದು ತಾನೂ ಮತ್ತೊಮ್ಮೆ ಹೇಳಿ, ಅಲ್ಲಿಂದ ಮುಂದಕ್ಕೆ ಹೊರಟಳು.

ಕಟ್ಟೆಯ ಮೇಲೆ ಬಟ್ಟಲು ಉರುಳಿದ ಸದ್ದಾಯಿತು. ನೀಲಾ ಎದ್ದು ನಿಂತಿದ್ದಳು, ಮಡಿಲಿನಿಂದ ಬೆಳ್ಳುಳ್ಳಿ ಅಂಗಳದ ತುಂಬ ಚೆಲ್ಲಿತ್ತು. ಸ್ಕೂಟರ್ ತೆಗೆಯಿರಿ ಎಂದಳು. ಎಲ್ಲಿಗೆ ಎಂದು ಕೇಳುವಷ್ಟರಲ್ಲಿ ಗೇಟಿನ ಹತ್ತಿರ ಹೋಗಿದ್ದಳು.

ಅವಳು ಹೋದದ್ದು ಗಣಿಯ ಮೇಲಿನ ಆಫೀಸಿಗೆ, ಹಳೆಯ ಡಿಸ್ಕುಗಳಿದ್ದ ಕಬ್ಬಿಣದ ಕಪಾಟಿಗೆ. ದಾರಿಯಲ್ಲಿ ನನ್ನ ಬೆನ್ನ ಹಿಂದೆ ಕೂತು ಏರುದನಿಯಲ್ಲಿ ವಿಷಯ ಹೇಳಿದಳು. ಹಳೆಯ ಕ್ರಮದಲ್ಲಿ ಗುಮಾಸ್ತನನ್ನು ಎಬ್ಬಿಸಿದಾಗಲೆಲ್ಲ ಹೊಸ ಫೈಲಿನ ಮೊದಲ ಕೆಲವು ಸಾಲುಗಳು ಹಳೆ ಫೈಲಿನ ಕೊನೆಯ ಸಾಲುಗಳಂತೆಯೇ ಇರುತ್ತಿದ್ದವು. ನಿದ್ದೆಗಣ್ಣಿನಲ್ಲಿ ಎದ್ದ ಗುಮಾಸ್ತ ಬರೆದದ್ದನ್ನೇ ಬರೆಯುತ್ತಾನೆ ಎಂದು ಎಲ್ಲರೂ ತಿಳಿದಿದ್ದರು. ಖತೀಬ್ ಸರ್ ಹತ್ತಿರ ಓದುತ್ತಿದ್ದ ಹುಡುಗರು ಯಾರೋ ಮೊದಲ ವರ್ಷವೇ, ಬೆನ್ನುಬೆನ್ನಿಗೆ ಮರುಕಳಿಸಿದ ಸಾಲುಗಳನ್ನು ಅಳಿಸುವ ಇನ್ನೊಂದು ಪ್ರೋಗ್ರಾಮು ಬರೆದಿಟ್ಟಿದ್ದರು. ಪರದೆಗೆ ಬರುವುದೂ ಸ್ಪೀಕರಿಗೆ ಹೋಗುವುದೂ ಅದು ಸೋಸಿದ ಮೇಲೆ ಉಳಿದದ್ದು ಮಾತ್ರ. ಸೋಸದ ಮೂಲ ಫೈಲುಗಳನ್ನು ಯಾರೂ ತೆರೆದು ನೋಡುತ್ತಿರಲಿಲ್ಲ. ಖತೀಬ್ ಸರ್ ಎಸೆಯಗೊಡದೆ ಇದ್ದದ್ದರಿಂದ ಅವು ಉಳಿದಿದ್ದವು, ಅಷ್ಟೇ.

ನೀಲಾ ಒಂದೊಂದೇ ಮೂಲ ಫೈಲು ತೆರೆದಳು. ಆ ಮರುಕಳಿಕೆ ಗುಮಾಸ್ತನದಲ್ಲ. ಹೊಸ ಫೈಲಿನ ಮೊದಲ ಸಾಲುಗಳಿಗೆ ಬೇರೆ ಹೊತ್ತಿನ ಗುರುತಿತ್ತು, ಕಂಬಿಗಳ ಶಾಖದ ಬೇರೆ ಅಂಕಿ ಇತ್ತು. ಅಂದರೆ ಆ ಮಿಡಿತಗಳು ನಿಜವಾಗಿಯೂ ಎರಡನೇ ಸಲ ಬಂದಿದ್ದವು. ನಮ್ಮ ವಿದ್ಯುತ್ತು ನಿಂತಾಗ ಬಂಡೆ ಮಾತು ನಿಲ್ಲಿಸಿತ್ತು. ಮತ್ತೆ ಹರಿದಾಗ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿ ಮುಂದುವರಿಸಿತ್ತು. ಒಂದು ದಿನವಲ್ಲ, ಎಂಟು ವರ್ಷ, ಪ್ರತಿ ದಿನ. ನಾವು ಕಿವಿ ಮುಚ್ಚಿಕೊಂಡ ಆ ಎರಡು ಉಸಿರಿನಲ್ಲಿ ಒಂದು ಮಾತೂ ಕಳೆದಿರಲಿಲ್ಲ. ಅದು ನಮಗಾಗಿ ಕಾದಿತ್ತು.

ನಾನು ಅಲ್ಲೇ ಇದ್ದ ಸ್ಟೂಲಿನ ಮೇಲೆ ಕೂತುಬಿಟ್ಟೆ. ಸಾವಿರ ವರ್ಷಕ್ಕೆ ಒಮ್ಮೆ ಎರಡಾಗುವ ಜೀವಕ್ಕೆ ನಮ್ಮ ಒಂದು ದಿನ ಎಂದರೆ ಎಷ್ಟು? ಒಂದು ಮಾತಿನಷ್ಟು ಇರಬಹುದು. ಒಂದು ಮಾತಿಗೊಮ್ಮೆ ಈ ಕಡೆಯಿಂದ ಸಣ್ಣದೊಂದು ತಡೆ. ಇದ್ದೀನಿ, ಕೇಳುತ್ತಿದ್ದೀನಿ ಎಂಬ ಗುರುತು. ನಾವು ಅರಿಯದೆಯೇ ಇಷ್ಟು ವರ್ಷ ಹೂಂಗುಟ್ಟಿದ್ದೆವು. ಗುಮಾಸ್ತ ನಿಲ್ಲದಂತೆ ಮಾಡಿದ ದಿನದಿಂದ ಅದನ್ನು ಬಿಟ್ಟಿದ್ದೆವು.

ನೀಲಾ ಕೊನೆಯ ತಿಂಗಳ ಫೈಲುಗಳನ್ನು ತೆರೆದಳು. ಅವನ್ನು ತೆರೆಯದೆ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಆ ಗಳಿಗೆಯಲ್ಲಿ ನನಗೆ ಅನ್ನಿಸಿತು. ಸ್ಪೀಕರು ಸುಮ್ಮನಾದ ದಿನ ಬಂಡೆ ಸುಮ್ಮನಾಗಿರಲಿಲ್ಲ. ಪರದೆಯ ಮೇಲೆ ಒಂದೇ ವರಸೆ ಸಾಲುಸಾಲಾಗಿ ಇಳಿಯುತ್ತಾ ಹೋಯಿತು. ಅದು ಕೊನೆಯಲ್ಲಿ ಆಡಿದ ಮಾತು. ಅದನ್ನೇ ಮತ್ತೆ ಹೇಳಿತ್ತು, ಕಾದಿತ್ತು, ಮತ್ತೆ ಹೇಳಿತ್ತು. ಮೊದಲ ದಿನ ಎಡೆಬಿಡದೆ. ಆಮೇಲೆ ಸ್ವಲ್ಪ ಬಿಟ್ಟು ಬಿಟ್ಟು. ಆಮೇಲೆ ದಿನಕ್ಕೆ ಒಂದೆರಡು ಸಲ. ಅಷ್ಟು ದಿನವೂ ಅದು ಕೂಗುತ್ತಿತ್ತು, ಮರುಕಳಿಸಿದ ಸಾಲು ಎಂದು ನಮ್ಮ ಯಂತ್ರ ಅಳಿಸುತ್ತಿತ್ತು. ಕೆಳಗೆ ನಾವೆಲ್ಲ ಸ್ಪೀಕರಿನ ಮುಂದೆ ಕೂತು, ಸತ್ತಿರಬಹುದು ಎಂದು ಮಾತಾಡುತ್ತಿದ್ದೆವು. ಕೊನೆಯ ಕೂಗು ಬಂದದ್ದು ಕಳೆದ ಬುಧವಾರ. ನೀಲಾ ಹಳೆಯ ಕ್ರಮಕ್ಕೆ ಮರಳಿ ನೋಡಿದ್ದು ಶುಕ್ರವಾರ. ಅಷ್ಟರಲ್ಲಿ ಅದು ಮಾತು ಬಿಟ್ಟಿತ್ತು.

ನೀಲಾ ಅತ್ತಳು. ನಾನು ಅವಳ ಬೆನ್ನ ಮೇಲೆ ಕೈ ಇಟ್ಟುಕೊಂಡು ನಿಂತೆ.

ಖತೀಬ್ ಸರ್ ಕ್ವಾರ್ಟರ್ಸಿನಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದರು. ನೀಲಾ ನಿಂತಲ್ಲೇ ಎಲ್ಲ ಹೇಳಿದಳು. ಅವರು ಕೊಳವೆಯನ್ನು ಒಂದೇ ಗಿಡದ ಬುಡಕ್ಕೆ ಹಿಡಿದು ಹಾಗೆಯೇ ಕೇಳಿದರು, ನೀರು ಹರಿದು ಅವರ ಚಪ್ಪಲಿ ತೋಯಿಸಿತು. ಅವಳು ಕೇಳಿದ್ದು ಸಣ್ಣದಲ್ಲ. ಬರಿಯ ಹೂಂ ಸಾಲದು, ಬಂಡೆಯ ಕೊನೆಯ ಮಾತನ್ನು ನಾವೇ ಅದಕ್ಕೆ ತಿರುಗಿ ಹೇಳಬೇಕು, ಆಮೇಲೆ ತಡೆಯಬೇಕು. ಕೇಳುವ ಕಂಬಿಯಿಂದಲೇ ಹೇಳಲೂ ಬರುತ್ತದೆ, ವಿದ್ಯುತ್ತನ್ನು ಏರಿಳಿಸಿದರಾಯಿತು. ಆದರೆ ಬಂಡೆಯೊಳಗೆ ಏನನ್ನೂ ಕಳಿಸಕೂಡದು ಎಂಬುದು ಮೊದಲ ದಿನವೇ ಖತೀಬ್ ಸರ್ ಹಾಕಿದ ನಿಯಮ. ಯಾರ ಬದುಕಿಗೂ ಕೈ ಹಾಕಬಾರದು, ಕೇಳುವುದಷ್ಟೇ ನಮ್ಮ ಕೆಲಸ ಎಂದು ಅವರು ಎಂಟು ವರ್ಷ ಹೇಳಿಕೊಂಡು ಬಂದಿದ್ದರು.

ಕೊಳವೆಯನ್ನು ಕೆಳಗಿಟ್ಟು ನಲ್ಲಿ ನಿಲ್ಲಿಸಿದರು. ಆಮೇಲೆ ಹೇಳಿದರು:

"ನೀಲಮ್ಮ, ನಾವು ಸುಮ್ನ ಕೇಳಾಕತ್ತೀವಿ ಅಂತ ತಿಳ್ಕೊಂಡಿದ್ವಿ. ಸುಮ್ನ ಕೇಳೋದು ಅನ್ನೋದು ಇಲ್ಲೇ ಇಲ್ಲ. ಎಂಟು ವರ್ಷ ಅದರ ಜೋಡಿ ಮಾತಾಡೀವಿ. ಈಗ ಉತ್ತರ ಕೊಡಲಿಲ್ಲಂದ್ರ ಅದು ಮರ್ಯಾದಿ ಅಲ್ಲ."

ಸೋಮವಾರ ಬೆಳಿಗ್ಗೆ ಮೂವರೂ ಒಂದೇ ಕೇಜಿನಲ್ಲಿ ಇಳಿದೆವು. ಬಂಡೆಯ ಪದರುಗಳು ಕೇಜಿನ ಜಾಲರಿಯಾಚೆ ಮೇಲಕ್ಕೆ ಸರಿಯುತ್ತಿದ್ದವು. ದಿನಾ ನೋಡುವ ಗೋಡೆಯೇ ಅದು. ಅವತ್ತು ಮಾತ್ರ, ಯಾರದೋ ಮನೆಗೆ ಇಷ್ಟು ವರ್ಷ ಚಪ್ಪಲಿ ಕಾಲಲ್ಲೇ ಹೋಗಿ ಬಂದೆವೇನೋ ಎಂಬ ಸಂಕೋಚ ನನಗೆ ಬಂತು.

ನೀಲಾ ಸೋಸುವ ಪ್ರೋಗ್ರಾಮನ್ನು ತೆಗೆದುಹಾಕಿದಳು. ವಿದ್ಯುತ್ತು ನಿಂತ ಹೊತ್ತಿನಲ್ಲೂ ಬಂಡೆ ಏನು ಮಾಡುತ್ತದೆಂದು ಕಾಣಲೆಂದು ಒಂದು ಕಂಬಿಗೆ ಖತೀಬ್ ಸರ್ ತಮ್ಮ ಹಳೆಯ ಮುಳ್ಳಿನ ಮೀಟರ್ ಕಟ್ಟಿದರು. ಆಮೇಲೆ ಬಂಡೆಯ ಕೊನೆಯ ಮಾತನ್ನು ಕಂಬಿಗಳೆಲ್ಲದರಿಂದ ಕೆಳಕ್ಕೆ ಕಳಿಸಿದರು. ಮನುಷ್ಯರು ಅದಕ್ಕೆ ಬೇಕೆಂದು ಆಡಿದ ಮೊದಲ ಮಾತು ಅದು, ಅದೂ ಅದರದೇ ಮಾತು. ಎರಡು ಉಸಿರು ವಿದ್ಯುತ್ತು ತಡೆದರು, ಮತ್ತೆ ಬಿಟ್ಟರು. ಕಾದೆವು.

ಏನೂ ಬರಲಿಲ್ಲ. ಮತ್ತೊಮ್ಮೆ ಕಳಿಸಿದರು. ಸ್ಪೀಕರಿನಲ್ಲಿ ಗೊರಗೊರ ಮಾತ್ರ. ಹತ್ತು ಗಂಟೆ ಬಂದಾಗ ನೀಲಾ ನನ್ನ ಕಡೆ ನೋಡಲಿಲ್ಲ, ನನಗೆ ಕಷ್ಟವಾಗದಿರಲಿ ಎಂದೇ ನೋಡಲಿಲ್ಲ. ಫೋನು ರಿಂಗಾಯಿತು. ಯಾರೂ ಎತ್ತಲಿಲ್ಲ. ನಾನು ಎದ್ದು ಪಂಪಿನ ಪ್ಯಾನೆಲ್ಲಿಗೆ ಹೋದೆ. ಇರುವುದು ಮೂರು ಪಂಪು. ಮೊದಲನೆಯದನ್ನು ನಿಲ್ಲಿಸಿದೆ. ಅದರ ಸದ್ದು ಇಳಿದು ನಿಂತಾಗ ಸುರಂಗದಲ್ಲಿ ನೀರು ತೊಟ್ಟಿಕ್ಕುವ ಸದ್ದು ಕೇಳತೊಡಗಿತು. ಎರಡನೆಯದರ ಹಿಡಿಯ ಮೇಲೆ ಕೈ ಇಟ್ಟೆ.

ಸ್ಪೀಕರಿನಿಂದ ಒಂದು ಟಕ್ ಬಂತು.

ಕೈ ಅಲ್ಲೇ ಉಳಿಯಿತು. ಇನ್ನೊಂದು ಬಂತು. ಆಮೇಲೆ ಎರಡು ಒಟ್ಟಿಗೆ. ನೋಡುತ್ತಿದ್ದಂತೆ ಪರದೆಯ ಮೇಲೆ ಒಂದು ಕಂಬಿಯಲ್ಲ, ಎಲ್ಲ ಕಂಬಿಗಳ ಗೆರೆಗಳೂ ಒಟ್ಟಿಗೆ ಎದ್ದವು. ಇಷ್ಟು ವರ್ಷ ಒಂದೊಂದು ಮೂಲೆಯಿಂದ ಬರುತ್ತಿದ್ದ ಮಾತು ಈಗ ಸುತ್ತಲಿನ ಬಂಡೆ ಪೂರ್ತಿ ಒಂದೇ ಬಾಯಾಗಿ ಆಡಿದಂತೆ ಬರುತ್ತಿತ್ತು. ನಾನು ಕೂಡಲೇ ಮೊದಲ ಪಂಪನ್ನು ಮತ್ತೆ ಹಾಕಿದೆ.

ನೀಲಾ ಹುಬ್ಬು ಗಂಟಿಕ್ಕಿ ಪರದೆಯನ್ನೇ ನೋಡುತ್ತಿದ್ದಳು. ಇದು ನಾವು ಕಳಿಸಿದ ಮಾತಲ್ಲ ಎಂದಳು. ಅದರ ಮುಂದಿನದೂ ಇರಲಾರದು, ಎಲ್ಲೋ ಕೇಳಿದಂತಿದೆ. ಎಂಟು ವರ್ಷದ ಫೈಲುಗಳಲ್ಲೆಲ್ಲ ಇದನ್ನು ಹುಡುಕುವಂತೆ ಯಂತ್ರಕ್ಕೆ ಹೇಳಿದಳು. ಉತ್ತರ ಬಂದಾಗ ಅವಳಿಗೆ ಓದಲು ಆಗಲಿಲ್ಲ, ಖತೀಬ್ ಸರ್ ಬಗ್ಗಿ ಓದಿದರು. ಮೊದಲನೇ ಫೈಲು, ಮೊದಲನೇ ಸಾಲು.

ಖತೀಬ್ ಸರ್ ಮೆಲ್ಲಗೆ ನೆಲದ ಮೇಲೆ ಕೂತರು. "ಮೊದಲಿಂದ ಹೇಳಾಕತ್ತೈತಿ" ಎಂದರು. "ನಾವು ನಡುವ ನಿದ್ದಿ ಹೋಗಿದ್ವಿ ಅಂತ ತಿಳ್ಕೊಂಡೈತಿ. ಮತ್ತ ಮೊದಲಿಂದ ಹೇಳಾಕತ್ತೈತಿ."

ಅವರು ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ತಿಳಿಯಲಿಲ್ಲ. ಹುಲ್ಲಿಗಿಂತ ಹಳೆಯದಾದ ಆ ಜೀವಕ್ಕೆ ನಮ್ಮ ಮೇಲೆ ಕೋಪವಿರಲಿಲ್ಲ. ಎಂಟು ವರ್ಷ ಹೇಳಿದ್ದನ್ನು ಮತ್ತೆ ಎಂಟು ವರ್ಷ ಹೇಳಲು ಅದಕ್ಕೆ ಬೇಸರವೂ ಇರಲಿಲ್ಲ. ಎರಡನೇ ಸಲ ಕೇಳಿದರೆ ಅರ್ಥವೂ ಆಗಬಹುದು, ಎರಡು ಹೇಳಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಬಹುದು ಎಂದು ನೀಲಾ ಏನೇನೋ ಹೇಳುತ್ತಲೇ ಇದ್ದಳು. ನನಗೆ ಅದೊಂದೂ ತಲೆಗೆ ಹೋಗುತ್ತಿರಲಿಲ್ಲ. ನಾನು ಆ ಸದ್ದನ್ನೇ ಕೇಳುತ್ತಿದ್ದೆ.

ಅಷ್ಟರಲ್ಲಿ ಅದು ನಿಂತಿತು.

ನೀಲಾ ಸಾಲುಗಳನ್ನು ಎಣಿಸುತ್ತಾ ಹೋಗಿ ತಟ್ಟನೆ ನಿಲ್ಲಿಸಿದಳು. ಎಂಟು ವರ್ಷದ ಹಿಂದೆ, ಆ ಮೊದಲ ದಿನ, ಗುಮಾಸ್ತ ನಿಜವಾಗಿ ಬರೆಯುತ್ತಿದ್ದಾನೋ ಇಲ್ಲವೋ ಎಂಬ ಆತಂಕದಲ್ಲಿ 'ಸಾಕು, ಮುಚ್ಚಿ ನೋಡೋಣ' ಎಂದು ಖತೀಬ್ ಸರ್ ಕೆಲವೇ ನಿಮಿಷಕ್ಕೆ ಫೈಲು ಮುಚ್ಚಿಸಿದ್ದರು. ಮೊದಲನೇ ಫೈಲು ಮುಗಿಯುವುದು ಸರಿಯಾಗಿ ಈ ಸಾಲಿಗೆ. ನಾವು ಮೊದಲ ಸಲ ಹೂಂ ಎಂದದ್ದು ಇಲ್ಲೇ. ನಾವು ಮರೆತಿದ್ದೆವು, ಬಂಡೆ ಮರೆತಿರಲಿಲ್ಲ. ಅಲ್ಲಿಗೆ ಬಂದು ನಿಂತು ಕಾಯುತ್ತಿತ್ತು.

ಫೋನು ಮತ್ತೆ ರಿಂಗಾಯಿತು. ಈ ಸಲ ನಾನೇ ಎತ್ತಿದೆ. ಮಂಡಳಿಯ ಅಧಿಕಾರಿ. ಹತ್ತು ಗಂಟೆ ಆಗಿಹೋಯಿತು, ಪಂಪು ನಿಲ್ಲಿಸಿದ್ದೀರಾ ಎಂದು ಕೇಳಿದರು. ದನಿಯಲ್ಲಿ ಸಿಡುಕಿತ್ತು.

"ಇಲ್ರಿ ಸಾಹೇಬ್ರ," ಎಂದೆ. "ಅದು ಕಥಿ ಹೇಳಾಕತ್ತೈತಿ. ಈಗ ನಿಂತೈತಿ, ನಮ್ಮ ದಾರಿ ಕಾಯಾಕತ್ತೈತಿ. ನೀವೂ ಒಮ್ಮೆ ಹೂಂ ಅನ್ರಿ."

ನಾನು ರಿಸೀವರನ್ನು ಸ್ಪೀಕರಿನ ಕಡೆ ಹಿಡಿದೆ. ನೀಲಾಳ ಬೆರಳು ಕಂಬಿಗಳ ವಿದ್ಯುತ್ತು ತಡೆಯುವ ಸ್ವಿಚ್ಚಿನ ಮೇಲಿತ್ತು, ಖತೀಬ್ ಸರ್ ಕಣ್ಣು ಮೀಟರಿನ ಮುಳ್ಳಿನ ಮೇಲಿತ್ತು. ಆಗ ರಿಸೀವರಿನಿಂದ, ಅಜ್ಜಿಯ ಮುಂದೆ ಕೂತ ಮಗುವಿನಷ್ಟು ಸಣ್ಣ ದನಿಯಲ್ಲಿ, "ಹೂಂ" ಎಂದು ಬಂತು.

ನೀಲಾ ಸ್ವಿಚ್ಚು ಒತ್ತಿದಳು. ಎರಡು ಉಸಿರು ಮುಳ್ಳು ಒಂದಿಷ್ಟೂ ಅಲುಗಲಿಲ್ಲ. ಸ್ವಿಚ್ಚು ಬಿಟ್ಟಾಗ ಬಂಡೆ ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿ, ಮುಂದಕ್ಕೆ ಹೊರಟಿತು.